ಮೂಲೆಯ ನಾಲ್ಕು ಸಾಲು

ಪತ್ರಿಕೆಗೆ ಐವತ್ತು ತುಂಬಿತೆಂದು ಟೌನ್‌ಹಾಲಿನ ಗೋಡೆ ತುಂಬ ಹಳೆಯ ಮುಖಪುಟಗಳಿಗೆ ಗಾಜು ಹಾಕಿಸಿ ತೂಗುಹಾಕಿದ್ದರು. ಕಮಲಾಕ್ಷಮ್ಮ ಒಂದರ ಮುಂದೆ ನಿಂತವರು ಕದಲಲೇ ಇಲ್ಲ. ಪುಟದ ತುಂಬ ಫಲಪುಷ್ಪ ಪ್ರದರ್ಶನದಲ್ಲಿ ಟೇಪು ಕತ್ತರಿಸುತ್ತಿರುವ ಮಂತ್ರಿ. ಕೆಳಗೆ ಮೂಲೆಯಲ್ಲಿ ನಾಲ್ಕೇ ಸಾಲು: 'ಸ್ಟೋವ್ ಸಿಡಿದು ಅಂಚೆ ಗುಮಾಸ್ತರ ಪತ್ನಿ ಸಾವು.'

"ನೋಡಿ ಅಮ್ಮಾ, ಸತ್ತವಳ ಹೆಸರು ಕೂಡ ಹಾಕಿಲ್ಲ," ಎಂದಳು ಪುಟಗಳನ್ನು ತೋರಿಸುತ್ತಿದ್ದ ವರದಿಗಾರ್ತಿ. "ಆಗೆಲ್ಲ ಸೊಸೆ ಸುಟ್ಟುಹೋದರೆ ಇಷ್ಟೇ. ಈಗಾದರೆ ಅದೇ ನಮಗೆ ದೊಡ್ಡ ಸುದ್ದಿ, ಗಂಡನ ಫೋಟೋ ಸಮೇತ."

"ಕಾವೇರಿ ಅಂತ ಅವಳ ಹೆಸರು. ನನ್ನ ಅಕ್ಕ."

ಹುಡುಗಿ ತಬ್ಬಿಬ್ಬಾದಳು. "ಅಯ್ಯೋ, ಗೊತ್ತಾಗಲಿಲ್ಲ ಅಮ್ಮಾ..."

"ಇರಲಿ ಬಿಡು. ಆ ಮನೇಲಿ ಯಾವತ್ತೂ ಸ್ಟೋವೇ ಇರಲಿಲ್ಲ ಕಣಮ್ಮ. ಇದ್ದದ್ದು ಸೌದೆ ಒಲೆ."

"ಮತ್ತೆ ನಿಮ್ಮ ಕಡೆಯವರು ಯಾರೂ ಕೇಳಲಿಲ್ವಾ?"

"ಪೇಪರಿನಲ್ಲೇ ಬಂದಿದೆಯಲ್ಲ, ಇನ್ನೇನು ಕೇಳೋದು ಅಂದರು ನಮ್ಮಪ್ಪ. ಈ ಪುಟ ನೋಡಿ ಅವರಿಗೆ ಎದೆ ಭಾರ ಇಳಿದ ಹಾಗಾಯ್ತು."

"ಹಾಗಾದರೆ ಸ್ಟೋವ್ ಇರಲಿಲ್ಲ ಅಂತ ನಿಮಗೆ ಗೊತ್ತಾದದ್ದು ಯಾವಾಗ?"

ಕಮಲಾಕ್ಷಮ್ಮ ಸೆರಗಿನ ತುದಿಯಿಂದ ಗಾಜಿನ ಮೂಲೆಯನ್ನು ಮೆಲ್ಲಗೆ ಒರೆಸಿದರು, ಮಗುವಿನ ಮುಖ ಒರೆಸುವ ಹಾಗೆ.

"ಅವಳ ಮೊದಲ ವರ್ಷದ ತಿಥಿಗೆ ಆ ಒಲೆ ಮೇಲೆ ವಡೆ ಕರಿದವಳು ನಾನೇ ಅಲ್ವೇನಮ್ಮ. ಅಷ್ಟರಲ್ಲಿ ಅವಳ ಗಂಡನಿಗೆ ನನ್ನನ್ನು ಕೊಟ್ಟಾಗಿತ್ತು."