ಕಪಿಲೆಯ ಸ್ಟಾಂಪು

ಮೊನ್ನೆ ಲಕೋಟೆಗೆ ಅಂಟಿಸಲೆಂದು ಸ್ಟಾಂಪಿನ ಬೆನ್ನನ್ನು ನಾಲಿಗೆಗೆ ತಾಗಿಸಿದೆ. ಗೋಂದಿನ ರುಚಿಯ ಜೊತೆಗೇ ಕಲ್ಯಾಣದುರ್ಗದ ತಾತನ ನಗು ನೆನಪಾಯಿತು.

ಚಿಕ್ಕವಳಿದ್ದಾಗ ಹಿಂದೂಪುರ ಬಿಟ್ಟು ಮೊದಲ ಸಲ ಒಬ್ಬಳೇ ತಾತನ ಮನೆಯಲ್ಲಿ ಉಳಿಯಲು ಹೋಗಿದ್ದೆ. "ಹೋಗ್ತಿದ್ದಂಗೇ ಕಾಗದ ಹಾಕು ಕಣಮ್ಮ, ಅದು ಬರೋಗಂಟ ನಂಗೆ ಊಟ ಸೇರಲ್ಲ" ಎಂದು ಅಮ್ಮ ಒಂದು ಸ್ಟಾಂಪು ಕೊಟ್ಟಿದ್ದಳು. ಅದರ ಮೇಲೆ, ಎತ್ತುಗಳು ಬಾವಿಯಿಂದ ನೀರೆತ್ತುವ ಕಪಿಲೆಯ ಚಿತ್ರವಿತ್ತು.

ಕಾಗದ ಬರೆದು ಮುಗಿಸಿದ ಮಧ್ಯಾಹ್ನ ಆ ಸ್ಟಾಂಪನ್ನು ತಾತನಿಗೆ ತೋರಿಸಿದೆ. ದಿನವೂ ಕಪಿಲೆ ಹೊಡೆಯುತ್ತಿದ್ದ ತಾತ ಅದನ್ನು ಕಣ್ಣಿನ ಹತ್ತಿರ ಹಿಡಿದು ಬೆರಗಾದರು.

"ಅಯ್ಯೋ, ಇದು ನಮ್ಮ ಎತ್ತು ಕಣಮ್ಮ, ನಮ್ಮ ರಾಮುಡು! ಸರ್ಕಾರದೋರು ಯಾವಾಗ ಬಂದು ಬರ್ಕಂಡೋದ್ರು?"

ಸುದ್ದಿ ರಾಮುಡಿಗೂ ತಿಳಿಯಬೇಕಲ್ಲ, ಇಬ್ಬರೂ ಕೊಟ್ಟಿಗೆಗೆ ಓಡಿದೆವು. ತಾತ ಸ್ಟಾಂಪನ್ನು ಅಂಗೈಯಲ್ಲಿಟ್ಟು ಎತ್ತಿನ ಮುಖಕ್ಕೆ ಹಿಡಿದರು. ರಾಮುಡು ಮೂಸಿತು, ಒರಟು ನಾಲಿಗೆ ಚಾಚಿತು, ಸ್ಟಾಂಪು ಮಾಯವಾಯಿತು.

ಊಟ ಬಿಟ್ಟು ಕೂತ ಅಮ್ಮ ಕಣ್ಣ ಮುಂದೆ ಬಂದು ನಾನು ಗೋಳೋ ಎಂದು ಅತ್ತೆ. ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಷ್ಟು ವರ್ಷ ನೀರು ಸೇದಿದ್ದಕ್ಕೆ ಸರ್ಕಾರ ಕೊಟ್ಟ ಕೂಲಿ, ತಿಂದ್ಕಂಬುಟ್ಟ! ಅಳಬ್ಯಾಡ. ಇದನ್ನೂ ಬರ್ದು ಸ್ಟಾಂಪಿಲ್ದೆ ಹಂಗೇ ಟಪಾಲು ಡಬ್ಬಿಗೆ ಹಾಕು, ನಿಮ್ಮಪ್ಪ ದಂಡ ಕಟ್ಟಿ ಬಿಡಿಸ್ಕಂತಾನೆ."

ಹಾಗೆಯೇ ಮಾಡಿದೆ. ಕೆಲವು ದಿನಗಳಲ್ಲಿ ಅಪ್ಪನ ಉತ್ತರ ಬಂತು. ಲಕೋಟೆ ಒಡೆದರೆ ಒಳಗೆ ಎರಡು ಹೊಸ ಸ್ಟಾಂಪುಗಳು.

"ನಿಮ್ಮಮ್ಮ ಇನ್ನೂ ನಗುತ್ತಲೇ ಇದ್ದಾಳೆ. ಸ್ಟಾಂಪು ಒಂದು ನಿನಗೆ, ಇನ್ನೊಂದು ರಾಮುಡಿಗೆ."