ಪಕ್ಕದಲ್ಲಿ ಕೂರುವ ಕೆಲಸ

ವಾಷಿಂಗ್ ಮೆಷಿನ್ನಿನ ಬಾಗಿಲು ತೆರೆದೇ ಇತ್ತು. ಅರ್ಧ ಬಟ್ಟೆ ಒಳಗೆ, ಅರ್ಧ ನೆಲದ ಮೇಲೆ. ಅವಳು ಬಚ್ಚಲಮನೆಯ ಹೊಸ್ತಿಲ ಮೇಲೆ ಕೂತು ಬಹಳ ಹೊತ್ತಾಗಿತ್ತು.

"ಏನಮ್ಮ, ಇನ್ನೂ ಹೊರಟಿಲ್ವಾ?"

ಗಂಡನ ಅಣ್ಣ. ತಮ್ಮನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ನಿನ್ನೆಯೇ ಜಾಗ ಖಾಲಿ ಮಾಡಿದ್ದರು. ಭಾವ ಒಬ್ಬರೇ ಉಳಿದಿದ್ದರು. ಕೆಲಸ ಮುಗಿಸಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದರು.

"ಇನ್ಸ್‌ಪೆಕ್ಟರ್ ಕಾಯ್ತಿರ್ತಾರೆ. ವಿಷ ಕೊಟ್ಟಿದ್ದು ಆ ಡ್ರಮ್ಮರ್ ಅಂತ ನೀನು ಒಂದು ಮಾತು ಹೇಳು ಸಾಕು. ಜೈಲಲ್ಲಿ ಕೊಳೀತಾನೆ. ಬಟ್ಟೆ ನಾನು ಹಾಕ್ತೀನಿ, ನೀನು ಏಳು."

"ಬೇಡ ಭಾವ. ಅವರ ಪ್ಯಾಂಟು ಹಾಗೇ ಇರಲಿ."

ಭಾವ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದರು. ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಬಸ್ಸಿನಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವವರು. ಲೋಕ ತನ್ನ ಪಾಡಿಗೆ ತಾನು ಹಲ್ಲುಜ್ಜಿ, ತಲೆ ಬಾಚಿ ಹೊರಟಿತ್ತು.

ವಿಶ್ವವಿದ್ಯಾಲಯದಲ್ಲಿ ಅವಳು ಓದಿದ್ದು ಮನಶ್ಶಾಸ್ತ್ರ. ರಜಾದಿನಗಳಲ್ಲಿ ಸಂಗೀತ ಮೇಳಗಳಿಗೆ ಹೋಗುತ್ತಿದ್ದಳು, ಹಾಡು ಕೇಳಲಿಕ್ಕಲ್ಲ. ಮೈದಾನದ ಅಂಚಿನಲ್ಲಿ ಒಂದು ಡೇರೆ ಇರುತ್ತಿತ್ತು. ಅಮಲಿನ ಚೀಟಿಯನ್ನು ನಾಲಿಗೆ ಮೇಲಿಟ್ಟುಕೊಂಡು, ಬಣ್ಣಗಳನ್ನು ನೋಡಲು ಹೋಗಿ ಭೂತಗಳನ್ನು ಕಂಡವರು ಅಲ್ಲಿಗೆ ಬರುತ್ತಿದ್ದರು. ಅಮಲು ಇಳಿಯುವ ತನಕ ಅವರ ಪಕ್ಕದಲ್ಲಿ ಕೂರುವುದು ಅವಳ ಕೆಲಸ. ವಾದ ಮಾಡಬಾರದು. ದನಿ ಏರಿಸಬಾರದು. ತಾನು ಸಾಯುತ್ತಿದ್ದೇನೆ ಎನ್ನದವರು ಅಲ್ಲಿ ಅಪರೂಪ. ಇದು ಸಾವಲ್ಲ, ಸಾವಿನ ಭಯ ಎಂದು ಹೇಳುತ್ತಾ ಇರಬೇಕು. ಸಂಜೆಗೆ ಅವರೇ ಎದ್ದು, ನಾಚಿಕೊಂಡು, ಹಸಿವಾಗ್ತಿದೆ ಅನ್ನುತ್ತಾರೆ.

"ನನ್ನ ಹೆಂಡತಿ ಹುಚ್ಚರ ಸಂತೇಲಿ ಮ್ಯಾನೇಜರ್" ಎಂದು ಗಂಡ ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಈ ಸಲದ ಮೇಳದಲ್ಲಿ, ಆ ಮಧ್ಯಾಹ್ನ, ಅವನನ್ನೇ ಹೆಗಲ ಮೇಲೆ ಹಾಕಿಕೊಂಡು ಡ್ರಮ್ಮರ್ ಡೇರೆಯೊಳಗೆ ಬಂದ. ಇಬ್ಬರೂ ಚಡ್ಡಿ ದೋಸ್ತರು.

"ತಪ್ಪಾಯ್ತು ಅತ್ತಿಗೆ. ಅದರಲ್ಲಿ ಅಂಥದ್ದೇನಿದೆ ನೋಡೇಬಿಡ್ತೀನಿ, ಒಂದು ಚೀಟಿ ಕಡ ಕೊಡು ಅಂದ. ನಿಮಗೆ ಹೇಳ್ಬೇಡ ಅಂದಿದ್ದ."

ಗಂಡನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಿ ಬೆವರಿಗೆ ಮೈಗಂಟಿತ್ತು. ದವಡೆ ಒತ್ತಿ ಹಿಡಿದಿದ್ದ.

"ಇದು ಅದಲ್ಲ ಕಣೇ. ನಾನು ಇನ್ನೂ..."

"ಗೊತ್ತು. ಮಾತು ಬೇಡ. ನಿಧಾನಕ್ಕೆ ಉಸಿರು ಬಿಡು."

"ಸಾಯ್ತಿದ್ದೀನಿ ಕಣೇ."

"ಇಲ್ಲ. ಹಾಗನ್ನಿಸುತ್ತೆ ಅಷ್ಟೆ."

"ಡಾಕ್ಟರನ್ನ ಕರ್ಕೊಂಡು ಬರ್ಲಾ ಅತ್ತಿಗೆ?" ಡ್ರಮ್ಮರ್ ಆಗಲೇ ಬಾಗಿಲ ಪರದೆ ಸರಿಸಿದ್ದ.

"ಬೇಡ. ಬಿಳಿ ಕೋಟು ಕಂಡ್ರೆ ಇನ್ನೂ ಹೆದರ್ತಾರೆ. ನೀನು ಹೊರಗಿರು."

ಅವಳು ಕೈ ಹಿಡಿದು ಕೂತಳು. ಕಲಿತದ್ದೆಲ್ಲವನ್ನೂ ಹೇಳಿದಳು, ಹೇಳುತ್ತಲೇ ಇದ್ದಳು. ಕೊನೆಗೆ ಅವನು ಸುಮ್ಮನಾದ. ಅಬ್ಬ, ಇಳಿಯಿತು ಅಂದುಕೊಂಡಳು.

ಹೃದಯ ನಿಂತಿದೆ, ಕಾರಣ ರಕ್ತದ ವರದಿ ಬಂದ ಮೇಲೆ ಹೇಳುತ್ತೇವೆ ಎಂದರು ಆಸ್ಪತ್ರೆಯವರು. ಕಾರಣ ಎಲ್ಲರಿಗೂ ಗೊತ್ತೇ ಇತ್ತು. ಚೀಟಿಯಲ್ಲಿ ಕಲಬೆರಕೆ. "ನಿನ್ನ ಕೈಯಲ್ಲೇ ಹೋದನಲ್ಲ, ಅಷ್ಟಾದರೂ ಪುಣ್ಯ" ಎಂದು ನೆಂಟರು ಅವಳ ಬೆನ್ನು ಸವರಿದ್ದರು.

ಬಸ್ಸು ಪೊಲೀಸ್ ಠಾಣೆಯ ಮುಂದೆ ನಿಂತಿತು. ಅವಳು ಇಳಿಯಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ ಮೆಟ್ಟಿಲು ಹತ್ತಿದಳು.

ಡ್ರಮ್ಮರ್ ಬಾಗಿಲು ತೆರೆದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು. ಡ್ರಮ್ಮುಗಳ ಮೇಲೆ ಹಳೇ ದುಪ್ಪಟಿ ಹೊದಿಸಿದ್ದ. ಬಾಗಿಲ ಹತ್ತಿರ ಒಂದು ಚೀಲ ಸಿದ್ಧವಾಗಿತ್ತು.

"ಪೊಲೀಸರು ಕೆಳಗಿದ್ದಾರಾ ಅತ್ತಿಗೆ?"

"ಒಬ್ಬಳೇ ಬಂದೆ."

"ಓಡಿಹೋಗಲ್ಲ ನಾನು. ಟವೆಲ್ಲು, ಬ್ರಷ್ಷು ಎಲ್ಲ ಇಟ್ಕೊಂಡಿದ್ದೀನಿ." ಅವನು ಏದುಸಿರು ಬಿಡತೊಡಗಿದ. "ನಾನೇ ಕೊಂದೆ ಅವನನ್ನ. ಹೇಳಿಬಿಡಿ. ನಾನೂ ಅದನ್ನೇ ಹೇಳ್ತೀನಿ."

"ನಿಧಾನಕ್ಕೆ ಉಸಿರು..." ಎನ್ನಲು ಹೋದ ಅವಳು ನಡುವೆಯೇ ತುಟಿ ಕಚ್ಚಿಕೊಂಡಳು.

ಅವನು ಗೋಡೆಗೊರಗಿ ಕುಸಿದ. ಅವಳು ನಿಂತೇ ಇದ್ದಳು.

"ಅವರಿಗೆ ನೀನು ಕೊಟ್ಟದ್ದು ಒಂದೇ ತಾನೆ?"

"ಒಂದೇ ಅತ್ತಿಗೆ. ನಿಮ್ಮಾಣೆ. ಇದ್ದದ್ದೇ ಎರಡು."

"ಸರಿಯಾಗಿ ನೆನಪು ಮಾಡ್ಕೋ."

"ಒಂದೇ."

ಅವಳು ತಲೆಯಾಡಿಸಿದಳು. ಕೆಳಗೆ ಯಾರೋ ಚಕ್ರ ತಿರುಗಿಸುತ್ತಿದ್ದರು. ಅದು ನಿಲ್ಲುವ ತನಕ ಕಾದಳು.

"ಚೀಲ ಬಿಚ್ಚು. ಠಾಣೆಗೆ ನಾನು ಹೋಗ್ತೀನಿ. ನಿನ್ನ ಹೆಸರು ಬೇಕಾಗಲ್ಲ. ಕೈ ಚಾಚು."

ಗಂಡ ಕಡ ತಂದದ್ದನ್ನು, ಬೆಳಿಗ್ಗೆ ಅವನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿದ್ದನ್ನು, ಅವಳು ಡ್ರಮ್ಮರನ ಅಂಗೈಯಲ್ಲಿಟ್ಟಳು: ಬೆಳ್ಳಿ ಹಾಳೆಯೊಳಗೆ ಭದ್ರವಾಗಿದ್ದ, ಒಂದು ಮೂಲೆಯೂ ಹರಿಯದ, ನಾಲಿಗೆ ಸೋಕದ ಚೀಟಿ.