ಕೆಂಪು ವಸ್ತ್ರದ ಕಾದಂಬರಿ

ಪುಸ್ತಕ ದೇವರ ಗೂಡಿನಲ್ಲಿತ್ತು. ಗಿರಿಜಾಬಾಯಿ ಹಿತ್ತಲಿನ ಚಪ್ಪರದಡಿ ಕೂತಿದ್ದಳು. ಬೆಳಿಗ್ಗೆ ಎದ್ದಾಗಲೇ ಹೊರಗಾಗಿದ್ದಳು. ಇನ್ನು ಆ ದಿನಗಳು ಕಳೆಯುವ ತನಕ ಒಳಗೆ ಕಾಲಿಡುವಂತಿಲ್ಲ, ಪುರಾಣದ ಪೋಥಿ ಮುಟ್ಟುವಂತಿಲ್ಲ. ಪುಸ್ತಕವನ್ನು ತಿರುಗಿ ಒಯ್ಯಲೆಂದು ಬೀದರಿನಿಂದ ತಮ್ಮ ಗೋವಿಂದ ಇವತ್ತೇ ಬಂದಿದ್ದ.

"ಇನ್ನೊಂದ ವಾರ ಬಿಡೋ," ಎಂದಳು, ಹಿತ್ತಲ ಬಾಗಿಲಿಗೆ ಬಂದು ನಿಂತ ತಮ್ಮನಿಗೆ.

"ಹ್ಯಾಂಗ ಬಿಡ್ಲಿ ಅಕ್ಕಾ? ನಂದಲ್ಲ ಅದು. ಮೈಸೂರ ಕಡಿಂದ ನಮ್ಮ ಆಫೀಸಿಗಿ ಬಂದಾರಲ್ಲ ಗುಮಾಸ್ತರು, ಅವರದು. ವರ್ಗ ಆಗ್ಯದ ಅವರಿಗಿ, ನಾಳಿಗಿ ಹೊಂಟಾರ. ಎಷ್ಟ ಉಳದದ?"

"ಕಡೀ ಅಧ್ಯಾಯ."

"ಅಷ್ಟ ಏನು? ತಂದು ಕೊಡ್ತೇನಿ, ಓದಿ ಮುಗಸು."

"ನಾ ಮುಟ್ಟೂಹಂಗಿಲ್ಲಪಾ! ನಮ್ಮ ಅತ್ತಿ ಸುಮ್ಮ ಬಿಡ್ತಾರೇನ? ಅದು ಈಗ ಪೋಥಿ ಆಗಿ ಕೂತದ."

ಪೋಥಿ ಮಾಡಿದವಳೂ ತಾನೇ. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ವರ್ಷವಾಗಿ, ಬೀದರಿನ ಕಚೇರಿಗಳಲ್ಲಿ ಉರ್ದು ಸರಿದು ಕನ್ನಡ ಬರುತ್ತಿದ್ದರೂ ಭಾತಂಬ್ರಾದ ಈ ಮನೆಯಲ್ಲಿ ಓದು ಎಂದರೆ ಶ್ರಾವಣದಲ್ಲಿ ಮಾವ ಓದುವ ಮರಾಠಿ ಪೋಥಿ ಮಾತ್ರ. ತವರಿನಲ್ಲಿ ಅಪ್ಪನ ಹತ್ತಿರ ಕನ್ನಡ ಕಲಿತು ಬಂದವಳು ಅವಳೊಬ್ಬಳೇ. ಸೊಸೆ ಹಾಡಹಗಲು ಕಾದಂಬರಿ ಹಿಡಿದು ಕೂತರೆ ಏನಂದಾರು ಎಂದು ಅಂಜಿ, "ಕನ್ನಡ ಪೋಥಿ ಅದರಿ ಅತ್ತಿ," ಅಂದುಬಿಟ್ಟಿದ್ದಳು. ಮರುದಿನವೇ ಅತ್ತೆ ಅನುಸೂಯಾಬಾಯಿ ರಟ್ಟಿಗೆ ಕುಂಕುಮ ಹಚ್ಚಿ, ಕೆಂಪು ವಸ್ತ್ರ ಸುತ್ತಿ, ದೇವರ ಗೂಡಿನಲ್ಲಿಟ್ಟಳು. ಮಧ್ಯಾಹ್ನಕ್ಕೆ ಒಂದೇ ಅಧ್ಯಾಯ, ಅದೂ ಗಟ್ಟಿಯಾಗಿ, ಮುಗಿದ ಮೇಲೆ ಆರತಿ. ಒಂದು ಕತೆಯ ಜೀವ ತಿನ್ನಲು ಇನ್ನೇನು ಬೇಕು ಎಂದು ಗಿರಿಜಾಬಾಯಿ ದಿನಾ ಒಳಗೊಳಗೇ ಕುದಿಯುತ್ತಿದ್ದಳು.

ಎಂಥ ಕತೆ ಅದು! ಈಗಿನ ಕಾಲದ್ದೇ: ರೈಲಿದೆ, ರೇಡಿಯೋ ಇದೆ, ಬಾಡಿಗೆ ಮನೆಯಿದೆ. ಆ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ, ಊರೆಲ್ಲ ಮಲಗಿದ ಮಧ್ಯಾಹ್ನ, ಒಂದು ಬಾಗಿಲು ಮೂಡುತ್ತದೆ. ತೆರೆದರೆ ಆಚೆ ಹೊಳೆ. ಮನೆಯೊಡತಿ ಹೋಗಿ ನೀರಲ್ಲಿ ಕಾಲಿಟ್ಟು ಕೂತು ಬರುತ್ತಾಳೆ. ಸಂಜೆ ಒಲೆಯ ಮುಂದೆ ಅವಳ ಸೀರೆಯ ಅಂಚು ಇನ್ನೂ ಹಸಿ. ಅದನ್ನು ಓದಿದ ದಿನ ಗಿರಿಜಾಬಾಯಿಯ ಪಾದಗಳೂ ತಣ್ಣಗಾಗಿದ್ದವು. ನಿನ್ನೆಯ ಅಧ್ಯಾಯದಲ್ಲಿ ಅವಳು ಹೊಳೆಯ ಹತ್ತಿರ ಇರುವಾಗಲೇ ಬಾಗಿಲು ಮಾಯವಾಗಿತ್ತು. ಗಂಡ ತಾನೇ ಚಹಾ ಕಾಸಿ, ಕಪ್-ಬಸಿ ಹಿಡಿದು, ಬರೀ ಗೋಡೆಯ ಮುಂದೆ ನಿಂತು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದ. ಅಷ್ಟರಲ್ಲಿ ಆರತಿಯ ತಾಟು ಬಂದಿತ್ತು.

ಕೇಳಲು ಬರುತ್ತಿದ್ದ ನೆರೆಮನೆಯ ಜಿಜಾಬಾಯಿಗೆ ಗೋಡೆಯಲ್ಲಿ ಬಾಗಿಲು ಮೂಡಿದ್ದು ಏನೂ ಅನ್ನಿಸಿರಲಿಲ್ಲ. "ನಮ್ಮ ತವರಮನಿ ವಾಡೇದಾಗೂ ಅಂಥಾದ್ದೊಂದ ಇತ್ತಂತ," ಎಂದು ತೊಗರಿಬೇಳೆಯ ಹರಳು ಆರಿಸುತ್ತಲೇ ಇದ್ದಳು. ಚಹಾದ ಮಾತು ಬಂದಾಗ ಮಾತ್ರ ಮೊರ ಕೆಳಗಿಟ್ಟಳು. "ಗಂಡಸು ಒಲಿ ಮುಂದ ಕೂತು ಹೆಂಡತಿಗಿ ಚಹಾ ಕಾಸ್ತಾನ? ಬರದಾವ ಇಷ್ಟ ಖೋಟಾ ಬರೀಬಾರದವ್ವಾ!" ಬರೆದವನು ಬೆವರು ಸುರಿಸಿ ಕಟ್ಟಿದ ಮಾಯೆಯೆಲ್ಲ ಸಲೀಸಾಗಿ ಇಳಿದಿತ್ತು, ಒಂದು ಕಪ್ ಚಹಾ ಗಂಟಲಲ್ಲಿ ಸಿಕ್ಕಿತ್ತು. ಅತ್ತೆ ಎಂದಿನಂತೆ ಆರತಿ ಬೆಳಗಿದ್ದಳು.

"ಹಂಗಾರ ನೀನ ತಗೊಂಡು ಇಲ್ಲಿ ನಿಂತು ಓದಿ ಹೇಳು," ಎಂದಳು ಈಗ ತಮ್ಮನಿಗೆ.

"ಕನ್ನಡ ಕಲೀಲಿಕ್ಕ ಅಂತನ ಇಸಗೊಂಡಿದ್ದೆ ಅಕ್ಕಾ, ಉರ್ದು ಸಾಲ್ಯಾಗ ಓದದಾವ ನಾ. ಒಂದ ಪಾನಾ ಓದೂದ್ರಾಗ ಹೊತ್ತ ಮುಣಗ್ತದ."

"ಕಡೀಗಿ ಏನಾತಂತ ಆ ಗುಮಾಸ್ತರನ್ನಾರ ಕೇಳಬೇಕಿಲ್ಲೋ?"

"ಕೇಳ್ದೆ. ಅವರೂ ಓದಿಲ್ಲಂತ."

ಗಿರಿಜಾಬಾಯಿ ಹಣೆ ಚಚ್ಚಿಕೊಂಡಳು. ಇಡೀ ಮನೆಯಲ್ಲಿ ಕನ್ನಡ ಓದಬಲ್ಲವಳು ಒಬ್ಬಳು, ಅವಳೇ ಮುಟ್ಟುವಂತಿಲ್ಲ. ಆ ಹೆಂಗಸು ಹೊಳೆಯ ದಂಡೆಯಲ್ಲಿ, ಆ ಗಂಡ ಗೋಡೆಯ ಮುಂದೆ, ಇಬ್ಬರೂ ಹಾಗೇ ಮೋಟಾರು ಹತ್ತಿ ಬೀದರಿಗೆ, ಅಲ್ಲಿಂದ ಮೈಸೂರಿಗೆ ಹೋಗಿಬಿಡುತ್ತಾರೆ.

"ಅತ್ತೀ," ಎಂದು ಕೂಗಿದಳು, ದನಿಯಲ್ಲಿ ಸಿಟ್ಟು ಮುಚ್ಚಿಡಲಾಗದೆ. "ಗೋವಿಂದ ಹೊಂಟಾನ. ಪೋಥಿ ಕೊಟ್ಟು ಕಳಸ್ರಿ."

ಅನುಸೂಯಾಬಾಯಿ ಕೆಂಪು ಗಂಟು ಹಿಡಿದು ಬಂದಳು. ಗೋವಿಂದ ಕೈಚಾಚಿದರೂ ಅವನನ್ನು ದಾಟಿ ಹಿತ್ತಲಿಗೆ ಇಳಿದಳು. ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಪುಸ್ತಕವನ್ನು ಸೊಸೆಯ ಮಡಿಲಿಗೆ ಮೇಲಿನಿಂದ ಬಿಟ್ಟಳು.

"ಅಯ್ಯ ಅತ್ತೀ, ಪೋಥಿರೀ! ನಾ ಹೊರಗಾಗೇನಿ!"

"ಸಾಕ ಮಾಡು. ಯಾವ ಪೋಥಿಯೊಳಗ ಗಂಡ ಹೆಂಡತಿಗಿ ಚಹಾ ಕಾಸ್ಯಾನ? ನನಗ ಅಷ್ಟೂ ತಿಳಿಯೂದಿಲ್ಲಂತ ಮಾಡೀಯೇನ?"

"ಮತ್ತ ಆರತಿ ಯಾಕ ಮಾಡಿದ್ರಿ?"

"ಆರತಿ ಇಲ್ದ ಹೆಣ್ಮಕ್ಕಳಿಗಿ ಮಧ್ಯಾಹ್ನದಾಗ ಕೂಡ್ಲಿಕ್ಕ ಯಾರ ಬಿಡ್ತಾರವ್ವಾ?" ಅನುಸೂಯಾಬಾಯಿ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. "ಏ ಗೋವಿಂದಾ, ನೀನೂ ಕೂಡು. ಮೋಟಾರ ಎಂದ ಟೈಮಿಗಿ ಬಂದದ?"

ಗಿರಿಜಾಬಾಯಿ ಕಡೆಯ ಅಧ್ಯಾಯ ತೆರೆದಳು. ಒಳಗೆ ಪಡಸಾಲೆಯಲ್ಲಿ ಮಾವ ನಿದ್ದೆಯಿಂದ ಎದ್ದು ಕೆಮ್ಮಿದ್ದು ಕೇಳಿತು, ಹಿಂದೆಯೇ ಕೂಗು: "ಚಹಾ ಆತೇನ?"

ಅನುಸೂಯಾಬಾಯಿ ಏಳಲಿಲ್ಲ.

"ತಡಿ ಗಿರಿಜಾ. ಮದಲ ನಿನ್ನೀ ಆ ಚಹಾದ ಮಾತ ಇನ್ನೊಮ್ಮಿ ಓದು," ಎಂದಳು. "ಪಡಸಾಲಿತನಾ ಕೇಳಬೇಕ, ಹಂಗ ಓದು."